ಗುಂಡಿನ ತೂಕ ಮತ್ತು ನಳಿಕೆಯ ತೀರ್ಪು: ಮಂಗಳೂರಿನ ಒಂದು ಏರ್ ರೈಫಲ್ ಪ್ರಕರಣ

ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರಾಗುತ್ತಿರುವ ವಿದ್ಯಾರ್ಥಿನಿಯೊಬ್ಬಳ ಪ್ರಕರಣವಿದು. ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ಅಂಕ ಒಂದೇ ಕಡೆ ನಿಂತುಬಿಟ್ಟಿತ್ತು. ಗುಂಡುಗಳು ಎಡಬಲಕ್ಕೆ ಹೆಚ್ಚು ಸರಿಯುತ್ತಿರಲಿಲ್ಲ, ಆದರೆ ಮೇಲೆ ಕೆಳಗೆ ಚದರುತ್ತಿದ್ದವು. ಹತ್ತರೊಳಗೆ ನಾಲ್ಕು ಈಡು ಒಂದರ ಮೇಲೊಂದು ಕೂತ ಮೇಲೆ ಐದನೆಯದು 9.7ಕ್ಕೆ ಇಳಿಯುತ್ತಿತ್ತು. ಹೊಡೆದವಳಿಗೆ ಆ ಐದನೆಯದೂ ಮೊದಲ ನಾಲ್ಕರಷ್ಟೇ ಒಳ್ಳೆಯ ಈಡು ಎನ್ನಿಸಿರುತ್ತಿತ್ತು. ತರಬೇತಿ ಕೊಡುವ ನನ್ನಂಥವರಿಗೆ ಇದಕ್ಕಿಂತ ತಲೆ ತಿನ್ನುವ ಲಕ್ಷಣ ಇನ್ನೊಂದಿಲ್ಲ. ತಪ್ಪು ಕೈಯದೋ ಕೋವಿಯದೋ ಗುಂಡಿನದೋ ಎಂದು ಬೇರ್ಪಡಿಸುವ ತನಕ ಯಾವುದನ್ನೂ ತಿದ್ದುವಂತಿಲ್ಲ.

ಈ ಆಟದಲ್ಲಿ ಮಿಲಿಮೀಟರು ಎಂದರೆ ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗುರಿಹಲಗೆಯ ಕೊನೆಯ ವೃತ್ತದ ವ್ಯಾಸ 45.5 ಮಿ.ಮೀ. ನಡುವಿನ ಹತ್ತರ ಚುಕ್ಕೆ ಬರೇ ಅರ್ಧ ಮಿ.ಮೀ. ಪೆಲೆಟ್ಟಿನ, ಅಂದರೆ ಗಾಳಿಕೋವಿಯ ಸೀಸದ ಗುಂಡಿನ, ವ್ಯಾಸ 4.5 ಮಿ.ಮೀ. ಇರುವುದರಿಂದ ಅದರ ನಡುಬಿಂದು ಗುರಿಯ ನಡುವಿನಿಂದ ಎರಡೂವರೆ ಮಿ.ಮೀ. ಒಳಗೆ ಬಿದ್ದರೆ ಹತ್ತು. ಆ ಎರಡೂವರೆ ಮಿ.ಮೀ.ಯನ್ನು ಮತ್ತೆ ಹತ್ತು ಪಾಲು ಮಾಡಿ 10.0ರಿಂದ 10.9ರವರೆಗೆ ಅಂಕ ಕೊಡುತ್ತಾರೆ. ಒಂದು ಪಾಲು ಎಂದರೆ ಕಾಲು ಮಿಲಿಮೀಟರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಅರ್ಹತಾ ಸುತ್ತಿನಲ್ಲಿ ಭಾರತದ ರಮಿತಾ ಜಿಂದಾಲ್ 631.5 ಅಂಕ ಪಡೆದು ಐದನೆಯವರಾಗಿ ಫೈನಲ್ ಸೇರಿದರು. ಇಳವೇನಿಲ್ ವಾಳರಿವನ್ 630.7 ಪಡೆದು ಹತ್ತನೆಯವರಾಗಿ ಹೊರಗುಳಿದರು. ಅರವತ್ತು ಈಡುಗಳಲ್ಲಿ ಇಬ್ಬರ ನಡುವಿನ ಅಂತರ 0.8. ಅರವತ್ತರ ಸರಿತವನ್ನೂ ಕೂಡಿಸಿ ಅಳೆದರೆ ಎರಡು ಮಿಲಿಮೀಟರು. ನಮ್ಮ ಹುಡುಗಿಯ ಐದನೇ ಗುಂಡು ಒಂದೇ ಏಟಿಗೆ ಅಷ್ಟನ್ನು ನುಂಗುತ್ತಿತ್ತು.

ಅಮೆರಿಕದಿಂದ ಬಂದ ಸಲಹೆ

ಆಕೆಯ ಸೋದರಮಾವ ಬ್ರಹ್ಮಾವರದ ಕಡೆಯವರು, ಬಹುಕಾಲದಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದಾರೆ. ಅಲ್ಲಿ ನವೆಂಬರ್ ಕೊನೆಗೆ ಜಿಂಕೆ ಬೇಟೆಯ ರೈಫಲ್ ಋತು ತೆರೆಯುತ್ತದೆ. ಪರವಾನಗಿ ಪಡೆದು ಬೇಟೆಗೆ ಹೋಗುವ ಸಾವಿರಾರು ಜನರಲ್ಲಿ ಅವರೂ ಒಬ್ಬರು. ತಮ್ಮ ತೋಟೆಗಳನ್ನು ತಾವೇ ತುಂಬಿಸಿಕೊಳ್ಳುತ್ತಾರೆ. ಸೊಸೆಯ ಕಷ್ಟ ಕೇಳಿ ಊರಿಗೆ ಬರುವಾಗ ಭಾರದ ಪೆಲೆಟ್ ಒಂದು ಡಬ್ಬಿ ತಂದುಕೊಟ್ಟರು. ಪ್ರತಿಯೊಂದರ ತೂಕ 0.67 ಗ್ರಾಂ, ತಲೆ ಗುಂಡಗೆ. ಅವರ ಮಾತು ಸ್ಪಷ್ಟವಾಗಿತ್ತು: "ಹಗುರ ಗುಂಡು ಸಣ್ಣ ಗಾಳಿಗೂ ದಾರಿ ತಪ್ಪುತ್ತದೆ. ಭಾರದ್ದು ನೆಟ್ಟಗೆ ಹೋಗುತ್ತದೆ. ನಾನು 150 ಗ್ರೇನ್ ತೂಕದ್ದನ್ನು ಬಿಟ್ಟು 165ಕ್ಕೆ ಬಂದ ಮೇಲೆ ಕೋವಿ ಹೇಳಿದ ಹಾಗೆ ಕೇಳುತ್ತಿದೆ ಮಾರಾಯ್ತಿ."

ಈ ಸಲಹೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಅವರ ಕೆಲಸದಲ್ಲಿ ಅದು ನೂರಕ್ಕೆ ನೂರು ಸರಿ, ಮತ್ತು ಅದರ ಹಿಂದೆ ದೊಡ್ಡ ವಿದ್ಯೆಯಿದೆ. ಅವರ ರೈಫಲ್ .308 ವಿಂಚೆಸ್ಟರ್. ಅದಕ್ಕೆ ಜಿಂಕೆಗೆಂದು ಬಳಸುವ ಗುಂಡುಗಳ ತೂಕ ಸಾಮಾನ್ಯವಾಗಿ 150, 165 ಇಲ್ಲವೇ 180 ಗ್ರೇನ್. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ಅಂದರೆ ಹತ್ತು ಗ್ರಾಮಿಗಿಂತ ಸ್ವಲ್ಪ ಕಡಿಮೆಯಿಂದ ಹನ್ನೆರಡು ಗ್ರಾಮಿನ ಹತ್ತಿರದವರೆಗೆ. 150 ಗ್ರೇನಿನದು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. ತೂಕ ಏರಿದ ಹಾಗೆ ವೇಗ ಇಳಿಯುತ್ತದೆ, ಮದ್ದಿನ ಅಳತೆಯನ್ನೂ ಇಳಿಸಬೇಕಾಗುತ್ತದೆ. ಹಗುರ ಗುಂಡಿಗೆ ಹಾಕಿದಷ್ಟೇ ಮದ್ದನ್ನು ಭಾರದ ಗುಂಡಿನ ಹಿಂದೆ ಹಾಕಿದರೆ ಒತ್ತಡ ಮಿತಿ ಮೀರಿ ಕೋವಿಯೇ ಒಡೆಯಬಹುದು. ಆದ್ದರಿಂದ ತಿಳಿದವರು ಪ್ರತಿ ತೂಕಕ್ಕೂ ಕೈಪಿಡಿಯಲ್ಲಿ ಕೊಟ್ಟ ಕನಿಷ್ಠ ಅಳತೆಯಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಏರುತ್ತಾರೆ.

ಬೇಟೆಗಾರನ ನಿಜವಾದ ಪ್ರಶ್ನೆ ಇರುವುದು ಗುಂಡು ಪ್ರಾಣಿಯನ್ನು ತಲುಪಿದ ಮೇಲೆ. ಅದು ಎದೆಗೂಡನ್ನು ಹೊಕ್ಕು ಒಳಗೆ ಅರಳಬೇಕು, ಅರಳಿಯೂ ಆಳಕ್ಕೆ ಹೋಗಬೇಕು, ಪ್ರಾಣಿ ನರಳದೆ ತಕ್ಷಣ ಬೀಳಬೇಕು. ತೆಳು ಕವಚದ ಹಗುರ ಗುಂಡು ಹತ್ತಿರದಿಂದ ಭುಜದ ಎಲುಬಿಗೆ ಬಡಿದರೆ ಮೇಲೆಯೇ ಪುಡಿಯಾಗಬಹುದು. ದೊಡ್ಡ ಪ್ರಾಣಿಗೆಂದು ಮಾಡಿದ ಭಾರದ, ಗಟ್ಟಿ ಗುಂಡು ತೆಳ್ಳನೆಯ ಜಿಂಕೆಯೊಳಗೆ ಅರಳುವುದಕ್ಕೂ ಮೊದಲೇ ಆಚೆ ದಾಟಬಹುದು. 165 ಇವೆರಡರ ನಡುವಿನ ದಾರಿ. ಇದರ ಜೊತೆಗೆ ನಳಿಕೆಯ ಒಳಸುರುಳಿಯ ಲೆಕ್ಕವಿದೆ. ಸುರುಳಿ ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ ಎಂಬುದರ ಮೇಲೆ ಎಷ್ಟು ಉದ್ದದ ಗುಂಡನ್ನು ಅದು ನೆಟ್ಟಗೆ ತಿರುಗಿಸಬಲ್ಲದು ಎಂಬುದು ನಿಂತಿದೆ. ಭಾರದ ಗುಂಡು ಉದ್ದವೂ ಆಗಿರುವುದರಿಂದ ಅದಕ್ಕೆ ಬಿಗಿಯಾದ ಸುರುಳಿ ಬೇಕು.

ನಮ್ಮಲ್ಲಿ ಇದಕ್ಕೆ ಎಡೆಯೇ ಇಲ್ಲ, ಇರಲೂ ಬಾರದು ಎಂದು ನಂಬುವವನು ನಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಜಿಂಕೆಗೆ ಕೋವಿ ಎತ್ತುವುದು ಅಪರಾಧ. ತೋಟೆ ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಅಡಿಕೆ ತೋಟ ಕಾಯಲು ಅಜ್ಜಂದಿರ ಕಾಲದಿಂದ ಬಂದ ಕೋವಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರುವ ಓಡಾಟವೂ ಇದೆ. ಏರ್ ರೈಫಲ್ ಮಾತ್ರ ಬೇರೆ ವರ್ಗ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಶಕ್ತಿ 20 ಜೂಲ್ ಮೀರದ, ನಳಿಕೆಯ ಒಳವ್ಯಾಸ 0.177 ಇಂಚು ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಕೋವಿಗಳ ಶಕ್ತಿ ಅದರ ಅರ್ಧಕ್ಕಿಂತಲೂ ಕಡಿಮೆ.

ತಂದ ಡಬ್ಬಿಯನ್ನು ಆಕೆ ಒಂದು ವಾರ ಬಳಸಿದಳು. ಚದರುವಿಕೆ ಇನ್ನೂ ಹೆಚ್ಚಿತು. ಗುಂಡಗಿನ ತಲೆಯ ಪೆಲೆಟ್ ಕಾಗದವನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ತೂತಿನ ಅಂಚು ಎಲ್ಲಿ ಎಂದು ಹೇಳುವುದೇ ಕಷ್ಟವಾಯಿತು. ಆಗ ಆಕೆ ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬಂದು, "ಸರ್, ತೂಕವನ್ನೇ ಮೊದಲು ತೀರ್ಮಾನ ಮಾಡೋಣ" ಎಂದಳು.

ಕಾಗದದ ಮೇಲಿನ ಲೆಕ್ಕ

ಕೋವಿಗೆ ಕೈ ಹಚ್ಚುವುದಕ್ಕೂ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಮಾಡಿದೆವು. ಆಕೆಯ ಕೋವಿ 0.53 ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡಿಸುತ್ತದೆ. ಶಕ್ತಿ ಏಳೂವರೆ ಜೂಲಿನ ಆಸುಪಾಸು. ಅದೇ ಶಕ್ತಿ ಎಂದು ಹಿಡಿದರೆ ಪಿಸ್ತೂಲಿಗೆಂದು ಮಾಡಿದ 0.45 ಗ್ರಾಮಿನ ಪೆಲೆಟ್ 184ರ ಹತ್ತಿರ ಓಡುತ್ತದೆ, ಮಾವ ತಂದ 0.67 ಗ್ರಾಮಿನದು 151ಕ್ಕೆ ಇಳಿಯುತ್ತದೆ. ಗಾಳಿಯ ತಡೆಯನ್ನು ಬಿಟ್ಟು ನೋಡಿದರೆ ಹತ್ತು ಮೀಟರ್ ದಾಟುವಷ್ಟರಲ್ಲಿ ಹಗುರದ್ದು ಹದಿನಾಲ್ಕೂವರೆ ಮಿ.ಮೀ., ನಡುವಿನದು 17 ಮಿ.ಮೀ., ಭಾರದ್ದು ಇಪ್ಪತ್ತೊಂದೂವರೆ ಮಿ.ಮೀ. ಕೆಳಗಿಳಿಯುತ್ತದೆ.

ಈ ಇಳಿತದಿಂದ ತೊಂದರೆಯಿಲ್ಲ. ಪ್ರತಿ ಸಲವೂ ಅಷ್ಟೇ ಇಳಿದರೆ ಗುರಿಕಣ್ಣನ್ನು ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು. ಪ್ರತಿ ಸಲವೂ ಬೇರೆ ಬೇರೆ ಇಳಿದರೆ ಮಾತ್ರ ತೊಂದರೆ. ಹಾಗಾದರೆ ಒಂದೇ ಡಬ್ಬಿಯ ಪೆಲೆಟ್ಟುಗಳ ತೂಕ ಶೇಕಡಾ ಒಂದರಷ್ಟು ವ್ಯತ್ಯಾಸವಾದರೆ ಏನಾಗುತ್ತದೆ? ವೇಗ ಅರ್ಧ ಶೇಕಡಾ ಬದಲಾಗುತ್ತದೆ, ಇಳಿತ ಒಂದು ಶೇಕಡಾ ಬದಲಾಗುತ್ತದೆ. 17 ಮಿ.ಮೀ.ಯ ಒಂದು ಶೇಕಡಾ ಎಂದರೆ 0.17 ಮಿ.ಮೀ. ಅಂಕದ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಹುಡುಗಿ ಕಳೆದುಕೊಳ್ಳುತ್ತಿದ್ದುದು ಎರಡು ಮಿಲಿಮೀಟರು. ಅಷ್ಟು ಕೆಳಗಿಳಿಯಬೇಕಾದರೆ ವೇಗ ಸೆಕೆಂಡಿಗೆ ಹತ್ತು ಮೀಟರಿನಷ್ಟು ಕುಸಿಯಬೇಕು. ತೂಕದ ವ್ಯತ್ಯಾಸ ಒಂದರಿಂದಲೇ ಹಾಗಾಗಬೇಕಿದ್ದರೆ ಪೆಲೆಟ್ ಶೇಕಡಾ ಹನ್ನೆರಡರಷ್ಟು ಭಾರವಾಗಿರಬೇಕು. ಯಾವ ಒಳ್ಳೆಯ ಡಬ್ಬಿಯಲ್ಲೂ ಅಂಥದು ಇರುವುದಿಲ್ಲ.

ಲೆಕ್ಕವನ್ನು ಆಕೆ ಒಪ್ಪಿದಳು, ಆದರೂ ತೂಗಿಯೇ ನೋಡಬೇಕೆಂದಳು. ನನಗೂ ಅದು ಸರಿಯೆನ್ನಿಸಿತು. ಲೆಕ್ಕ ಹೇಳಿದ್ದನ್ನು ತಕ್ಕಡಿ ಹೇಳಬೇಕು.

ರಥಬೀದಿಯ ತಕ್ಕಡಿ

ಮಿಲಿಗ್ರಾಮಿನವರೆಗೆ ನಂಬಬಹುದಾದ ತಕ್ಕಡಿ ಪೇಟೆಯಲ್ಲಿ ಎಲ್ಲಿದೆ ಎಂದರೆ ಎಲ್ಲರೂ ಅಕ್ಕಸಾಲಿಗರ ಕಡೆಗೇ ಕೈ ತೋರಿಸುತ್ತಾರೆ. ರಥಬೀದಿಯ ಒಂದು ಸಣ್ಣ ಚಿನ್ನದ ಕೆಲಸದ ಅಂಗಡಿಯ ಹಿರಿಯರು ಮಧ್ಯಾಹ್ನದ ಬಿಡುವಿನಲ್ಲಿ ತೂಗಿಕೊಡಲು ಒಪ್ಪಿದರು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ. ಫ್ಯಾನ್ ನಿಲ್ಲಿಸಿದರು, ಬಾಗಿಲ ಪರದೆ ಎಳೆದರು. ಚಿಮಟದಿಂದ ಒಂದೊಂದೇ ಪೆಲೆಟ್ ಎತ್ತಿ ತಟ್ಟೆಯ ನಡುವೆ ಇಟ್ಟು, ಗಾಜು ಮುಚ್ಚಿ, ಅಂಕೆ ನಿಲ್ಲುವ ತನಕ ಕಾದು, ಆಮೇಲೆ ಓದಿ ಹೇಳುವುದು ಅವರ ಕ್ರಮ. 0.531. 0.529. 0.530. 0.532. ಹುಡುಗಿ ಬರೆದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನ ನಂತರ ಅವರೇ ಕೇಳಿದರು, "ಇಷ್ಟು ಸಮ ಇರುವುದನ್ನು ಯಾಕೆ ತೂಗಿಸುತ್ತೀರಿ ಮಗಳೇ?" ತಾವು ಕೆಲಸ ಕಲಿಯುವಾಗ ಗುಲಗಂಜಿಯಿಂದ ತೂಗುತ್ತಿದ್ದುದನ್ನೂ ಹೇಳಿದರು. ಒಂದು ಗುಲಗಂಜಿ ಸರಿಸುಮಾರು ಎರಡು ಗ್ರೇನ್. ಹಾಗೆ ನೋಡಿದರೆ ಆಕೆಯ ಪೆಲೆಟ್ ನಾಲ್ಕು ಗುಲಗಂಜಿಗಿಂತ ತುಸು ಹೆಚ್ಚು ಬರುತ್ತದೆ.

ನಡುವೆ ಅವರು ಒಂದು ಪೆಲೆಟ್ಟನ್ನು ತಟ್ಟೆಗೆ ಹಾಕದೆ ಚಿಮಟದಲ್ಲೇ ಹಿಡಿದು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ತಿರುಗಿಸಿ ನೋಡಿದರು. "ಇದರ ಬಾಯಿ ಸೊಟ್ಟಗಿದೆ" ಎಂದರು. ಇನ್ನೊಂದು ನೋಡಿದರು, ಅದೂ ಹಾಗೆಯೇ ಇತ್ತು. ನಾವೂ ಗಾಜು ಇಸಿದುಕೊಂಡು ನೋಡಿದೆವು. ಪೆಲೆಟ್ಟಿಗೆ ಚಪ್ಪಟೆ ತಲೆ, ಕಿರಿದಾದ ಸೊಂಟ, ಹಿಂದೆ ಟೊಳ್ಳಾದ ತೆಳು ಲಂಗ ಇರುತ್ತದೆ. ಬ್ಯಾಡ್ಮಿಂಟನ್ ಶಟಲ್‌ನ ಹಾಗೆ ಭಾರವೆಲ್ಲ ಮುಂದೆ, ಗಾಳಿಯ ಎಳೆತ ಹಿಂದೆ. ಆ ಲಂಗದ ಅಂಚು ಹಲವು ಪೆಲೆಟ್ಟುಗಳಲ್ಲಿ ಒಂದು ಪಕ್ಕ ಒಳಕ್ಕೆ ಮಡಚಿತ್ತು. ಸೊಂಟದ ಸಂದಿನಲ್ಲಿ ಬೂದಿಬಿಳಿ ಪುಡಿ ಕೂತಿತ್ತು. ತೂಕ ಮಾತ್ರ ಎಲ್ಲವುಗಳದ್ದೂ ಸಮ.

ಡಬ್ಬಿಯ ಚರಿತ್ರೆ ಕೇಳಿದಾಗ ಕಾರಣ ಹೊರಬಿತ್ತು. ಮಳೆಗಾಲವಿಡೀ ಅದು ಸ್ಕೂಟರಿನ ಸೀಟಿನ ಕೆಳಗಿತ್ತು. ಬಿಜೈಯಿಂದ ರೇಂಜಿಗೆ ದಿನಾ ಬರುವಾಗ ರಸ್ತೆಯ ಗುಂಡಿಗಳಲ್ಲಿ ಐನೂರು ಸೀಸದ ತುಣುಕುಗಳು ಒಂದಕ್ಕೊಂದು ಬಡಿದುಕೊಂಡಿವೆ. ಸೀಸ ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು. ಅದರ ಜೊತೆಗೆ ಕರಾವಳಿಯ ಥಂಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ತೇವ ಹೊಕ್ಕ ಡಬ್ಬಿಯಲ್ಲಿ ಸೀಸಕ್ಕೆ ಬಿಳಿ ಹುಡಿ ಬರುವುದು ದೊಡ್ಡ ಮಾತಲ್ಲ. ಆ ಹುಡಿ ವಿಷ ಎಂಬುದನ್ನು ಇಲ್ಲಿಯೇ ಹೇಳಬೇಕು. ಪೆಲೆಟ್ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬಾರದು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಂಡು ಕೋವಿ ತುಂಬುವ ಮಕ್ಕಳನ್ನು ಕಂಡರೆ ನನಗೆ ಜೀವ ಹೋದಂತಾಗುತ್ತದೆ.

ಲಂಗ ಸೊಟ್ಟಗಾದರೆ ಏನಾಗುತ್ತದೆ? ಹಿಂದಿನಿಂದ ತಳ್ಳುವ ಗಾಳಿ ಆ ಸಂದಿನಿಂದ ಸೋರುತ್ತದೆ. ಸೋರಿದಷ್ಟು ವೇಗ ಕಡಿಮೆಯಾಗುತ್ತದೆ, ವೇಗ ಕಡಿಮೆಯಾದಷ್ಟು ಗುಂಡು ಕೆಳಗೆ ಬೀಳುತ್ತದೆ. ಸರಿಯಾದ ಪೆಲೆಟ್ ನಾಲ್ಕು ಬಂದು ಐದನೆಯದು ಸೊಟ್ಟಗಿದ್ದರೆ 9.7. ಇದು ಊಹೆ ಮಾತ್ರ, ಇನ್ನೂ ಸಾಬೀತಾಗಬೇಕಿತ್ತು.

ನಳಿಕೆಯನ್ನು ಬಿಗಿದು ಕೇಳಿದ್ದು

ಮನುಷ್ಯನ ಕೈಯನ್ನು ಲೆಕ್ಕದಿಂದ ತೆಗೆಯುವುದು ಮುಂದಿನ ಕೆಲಸ. ಕಂಪನಿಗಳ ಪರೀಕ್ಷಾ ಕೊಠಡಿಯಲ್ಲಿ ಅದಕ್ಕೆಂದೇ ಕಟ್ಟು ಇರುತ್ತದೆ. ನಾವು ಬಡಗಿಯ ವೈಸನ್ನು ಕಾಂಕ್ರೀಟ್ ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸಿ, ದವಡೆಗೆ ತೊಗಲು ಸುತ್ತಿ, ಮರದ ಹಿಡಿ ಬಿಚ್ಚಿದ ಕೋವಿಯನ್ನು ಬಿಗಿದೆವು. ನಳಿಕೆಯನ್ನು ದವಡೆಯಲ್ಲಿ ಹಿಡಿಯಲಿಲ್ಲ. ಅದನ್ನು ಒತ್ತಿದರೆ ಅದೇ ಬಾಗುತ್ತದೆ. ನಳಿಕೆಯ ಮುಂದೆ ವೇಗಮಾಪಕ, ಹತ್ತು ಮೀಟರ್ ಆಚೆ ಕಾಗದ.

ಮೊದಲು ಪೆಲೆಟ್ಟನ್ನು ತಳ್ಳುವ ಗಾಳಿಯ ಸಿಲಿಂಡರಿನ ಮೇಲಿನ ಸಂಶಯ ತೀರಿಸಿಕೊಂಡೆವು. 200 ಬಾರ್ ಒತ್ತಡಕ್ಕೆ ತುಂಬುವ ಸಿಲಿಂಡರು ಅದು. ನಮ್ಮ ಊರಿನ ಹಸಿ ಗಾಳಿಯನ್ನು ಒಣಗಿಸದೆ ತುಂಬಿದರೆ ಒಳಗೆ ನೀರು ನಿಂತು ಕವಾಟ ಹಾಳಾಗುತ್ತದೆ. ಆದರೆ ತುಂಬಿದ ಸಿಲಿಂಡರಿನಲ್ಲೂ ಅರ್ಧ ಖಾಲಿಯಾದದ್ದರಲ್ಲೂ ಹೊಸ ಡಬ್ಬಿಯ ಪೆಲೆಟ್ಟುಗಳ ವೇಗ ಎರಡು ಮೂರು ಮೀಟರಿಗಿಂತ ಹೆಚ್ಚು ಏರಿಳಿಯಲಿಲ್ಲ. ಕೋವಿ ಆರೋಗ್ಯವಾಗಿತ್ತು.

ಆಮೇಲೆ ಹಳೆಯ ಡಬ್ಬಿ. ವೇಗ 171, 170, 172 ಎಂದು ಬಂದು ಒಮ್ಮೆಲೇ 161ಕ್ಕೆ ಬಿತ್ತು. ಕಾಗದದಲ್ಲಿ ಆ ತೂತು ಉಳಿದವುಗಳಿಂದ ಕಳಚಿಕೊಂಡು ಕೆಳಗಿತ್ತು. ಯಾರೂ ಮುಟ್ಟದ, ಉಸಿರಾಡದ, ಹೆದರದ ಕೋವಿ ಅದು. ಹುಡುಗಿ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆ ಕೆಳಗಿನ ತೂತಿಗಾಗಿ ಆಕೆ ತಿಂಗಳುಗಟ್ಟಲೆ ತನ್ನ ಉಸಿರನ್ನೂ ಬೆರಳನ್ನೂ ದೂರಿಕೊಂಡಿದ್ದಳು.

ತೂಕದ ಪ್ರಶ್ನೆಯೂ ಅಲ್ಲಿಯೇ ತೀರ್ಮಾನವಾಯಿತು. 0.67 ಗ್ರಾಮಿನವು ವೈಸಿನಲ್ಲಿಯೂ ಅಗಲವಾಗಿ ಚದರಿದವು. ಆ ಪೆಲೆಟ್ಟುಗಳು ಕೆಟ್ಟವಲ್ಲ. ಹೆಚ್ಚು ಶಕ್ತಿಯ ಕೋವಿಯಿಂದ ದೂರದ ಗುರಿಗೆ ಹೋಗಲೆಂದು ಅವನ್ನು ಮಾಡಿರುವುದು. ಏಳೂವರೆ ಜೂಲಿನ ಕೋವಿ ಅವುಗಳನ್ನು ಬೇಕಾದ ವೇಗಕ್ಕೆ ಏರಿಸಲಾರದು. ಅಲ್ಲದೆ ನಿಂತು ಹೊಡೆಯುವವಳಿಗೆ ಇನ್ನೊಂದು ನಷ್ಟವಿದೆ. ನಿಧಾನದ ಗುಂಡು ನಳಿಕೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಕೋವಿಯ ಕುದುರೆ (ಟ್ರಿಗರ್) ಎಳೆದ ಮೇಲೂ ಮೈ ತೂಗುತ್ತಲೇ ಇರುವುದರಿಂದ ಆ ಹೆಚ್ಚಿನ ಕ್ಷಣದಲ್ಲಿ ನಳಿಕೆ ಇನ್ನಷ್ಟು ಸರಿಯುತ್ತದೆ. ಗಾಳಿಯನ್ನು ತಡೆದು ನಿಲ್ಲುವ ಭಾರದ ಗುಣ ಗಾಳಿಯೇ ಇಲ್ಲದ ಒಳಾಂಗಣದ ಹತ್ತು ಮೀಟರಿನಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಅರಳುವುದು, ಆಳಕ್ಕೆ ಹೋಗುವುದು ಕಾಗದಕ್ಕೆ ಬೇಕಿಲ್ಲ.

0.45 ಗ್ರಾಮಿನವು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೂತವು. ಅವುಗಳಿಗೆ ಎರಡನೇ ಸ್ಥಾನ. 0.53 ಗ್ರಾಮಿನವುಗಳಲ್ಲಿ ಎರಡು ಬಗೆ ನಮ್ಮ ಬಳಿ ಇದ್ದವು, ತಲೆಯ ವ್ಯಾಸ 4.49 ಮಿ.ಮೀ. ಇರುವುದು ಮತ್ತು 4.50 ಇರುವುದು. ತೂಕ ಒಂದೇ, ವ್ಯತ್ಯಾಸ ಮಿಲಿಮೀಟರಿನ ನೂರನೇ ಒಂದು ಭಾಗ. 4.49 ಸ್ವಲ್ಪ ಅಗಲವಾಗಿ ಹರಡಿತು. 4.50ರ ಒಂದು ತಂಡದ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ) ಡಬ್ಬಿ ಮಾತ್ರ ಐದು ಈಡುಗಳನ್ನು ಹೊರಅಂಚಿನಿಂದ ಹೊರಅಂಚಿಗೆ ಐದು ಮಿ.ಮೀ. ಚಿಲ್ಲರೆಯೊಳಗೆ ಕೂರಿಸಿತು. ಒಂದೇ ಪೆಲೆಟ್ಟಿನ ತೂತು ನಾಲ್ಕೂವರೆ ಮಿ.ಮೀ. ಎಂಬುದನ್ನು ನೆನಪಿಸಿಕೊಂಡರೆ ಇದಕ್ಕಿಂತ ಹೆಚ್ಚು ಕೇಳಲು ಏನಿದೆ? ಅದೇ ಕಂಪನಿಯ, ಅದೇ ತೂಕದ, ಅದೇ 4.50ರ ಬೇರೆ ತಂಡದ ಡಬ್ಬಿ ಅಷ್ಟು ಬಿಗಿಯಾಗಿ ಕೂರಲಿಲ್ಲ. ರಥಬೀದಿಯಲ್ಲಿ ತೂಗಿ ಬೇರ್ಪಡಿಸಿದ ಸಮತೂಕದ ಪೆಲೆಟ್ಟುಗಳಲ್ಲಿ ಲಂಗ ಸರಿಯಿದ್ದವನ್ನು ಆರಿಸಿ ಹೊಡೆದಾಗ ತೂಗದವುಗಳಿಗಿಂತ ಕಣ್ಣಿಗೆ ಕಾಣುವ ಲಾಭ ಏನೂ ಸಿಗಲಿಲ್ಲ.

ನನ್ನ ತೀರ್ಮಾನ ಇಷ್ಟು. ತೂಕವನ್ನು ಕೆಲಸ ನೋಡಿ ಒಮ್ಮೆ ನಿರ್ಧರಿಸಬೇಕು. ರೈಫಲ್ ಸ್ಪರ್ಧೆಗೆ 0.53ರ ಆಸುಪಾಸು ಎಂದು ಜಗತ್ತು ಕಂಡುಕೊಂಡಿರುವುದಕ್ಕೆ ಕಾರಣವಿದೆ. ಅದಾದ ಮೇಲೆ ಮಿಲಿಗ್ರಾಮಿನ ಹಿಂದೆ ಬೀಳುವುದು ಸಮಯದ ದಂಡ. ತಲೆಯ ಅಳತೆ, ತಂಡದ ಸಂಖ್ಯೆ, ಲಂಗದ ಸ್ಥಿತಿ ಈ ಮೂರನ್ನು ನೋಡಬೇಕು, ಮತ್ತು ಅದನ್ನು ಅವರವರ ನಳಿಕೆಯಲ್ಲೇ ಹೊಡೆದು ನೋಡಬೇಕು. ಪಕ್ಕದ ಲೇನಿನವಳಿಗೆ ಕೂತ ಡಬ್ಬಿ ಇವಳಿಗೆ ಕೂರಬೇಕೆಂದಿಲ್ಲ. ಮಾವನಿಗೆ ಫೋನಿನಲ್ಲಿ ಇದೆಲ್ಲವನ್ನೂ ವಿವರಿಸಿದಾಗ ಅವರಿಗೆ ಬೇಸರವಾಗಲಿಲ್ಲ. ತೋಟೆ ತುಂಬುವವರು ಮಾಡುವುದೂ ಅದನ್ನೇ. 165 ಗ್ರೇನ್ ಎಂದು ಒಮ್ಮೆ ನಿಶ್ಚಯಿಸಿದ ಮೇಲೆ ಮೂರು ನಾಲ್ಕು ತಯಾರಕರ 165ಗಳನ್ನು ತಂದು, ತಮ್ಮ ರೈಫಲ್ ಯಾವುದನ್ನು ಒಪ್ಪುತ್ತದೆ ಎಂದು ಬೆಂಚಿನ ಮೇಲೆ ಕೂತು ನೋಡುತ್ತಾರೆ. ಮದ್ದಿನ ಹೊಸ ಡಬ್ಬಿ ತೆರೆದರೆ ಅಳತೆ ಇಳಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. "ನೀನು ಬರೆದಿಟ್ಟ ಪಟ್ಟಿಯ ಫೋಟೊ ಕಳಿಸು, ನನ್ನದರ ಜೊತೆ ಇಟ್ಟುಕೊಳ್ಳುತ್ತೇನೆ" ಎಂದು ಸೊಸೆಗೆ ಹೇಳಿದರು.

ಆ ತಂಡದ ಡಬ್ಬಿಗಳು ಅಂಗಡಿಯಲ್ಲಿ ಉಳಿದಿದ್ದಷ್ಟನ್ನೂ ಮನೆಯವರು ಕೊಂಡುತಂದಿದ್ದಾರೆ. ಅವು ಸ್ಪರ್ಧೆಗೆ ಮಾತ್ರ. ಈಗ ಡಬ್ಬಿಯೊಳಗೆ ಪೆಲೆಟ್ಟುಗಳ ಮೇಲೆ ಸ್ಪಂಜಿನ ತುಂಡು ಒತ್ತಿ ಮುಚ್ಚಳ ಹಾಕುತ್ತಾಳೆ, ಅಲುಗಾಡುವುದಿಲ್ಲ. ಡಬ್ಬಿ ಇರುವುದು ಮನೆಯಲ್ಲಿ, ತೇವ ಹೀರುವ ಸಿಲಿಕಾದ ಪೊಟ್ಟಣಗಳ ಜೊತೆ. ರೇಂಜಿಗೆ ಬರುವಾಗ ಆ ದಿನಕ್ಕೆ ಬೇಕಾದಷ್ಟನ್ನು ಒಂದೊಂದಕ್ಕೂ ಬೇರೆ ಗುಳಿ ಇರುವ ಪೆಟ್ಟಿಗೆಯಲ್ಲಿ ಜೋಡಿಸಿ, ಬೆನ್ನುಚೀಲದಲ್ಲಿ ತರುತ್ತಾಳೆ. ಹಳೆಯ ಡಬ್ಬಿಯಲ್ಲಿ ಲಂಗ ಸರಿಯಿದ್ದವನ್ನು ಅಭ್ಯಾಸಕ್ಕೆ ಬಳಸಿ, ಉಳಿದವನ್ನು ಸೀಸದ ತ್ಯಾಜ್ಯದ ಡಬ್ಬಕ್ಕೆ ಹಾಕಿದ್ದೇವೆ.

ಇತ್ತೀಚಿನ ಹಾಳೆಗಳಲ್ಲಿ ಕಾರಣವಿಲ್ಲದೆ ಕೆಳಗೆ ಬೀಳುವ ಈಡು ಕಾಣುತ್ತಿಲ್ಲ. ಮೇಲೆ ಕೆಳಗಿನ ಗದ್ದಲ ಅಡಗಿದ ಮೇಲೆ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಸಂಗತಿ ಎದ್ದು ಕಾಣುತ್ತಿದೆ. ಕೊನೆಯ ಇಪ್ಪತ್ತು ಈಡುಗಳಲ್ಲಿ ಗುಂಪು ಮೆಲ್ಲನೆ ಬಲಕ್ಕೆ ಸರಿಯುತ್ತದೆ. ಅದು ಪೆಲೆಟ್ಟಿನದಲ್ಲ, ದಣಿದ ಎಡಸೊಂಟದ್ದು. ಈ ವಾರದಿಂದ ಪಾದಗಳ ನಡುವಿನ ಅಂತರವನ್ನು ಬದಲಿಸಿ ನೋಡುತ್ತಿದ್ದೇವೆ.